ಎರಡು ಕೂಗಿನ ಹೂರಣ

ಪಕ್ಕದ ಮನೆಯ ಕುಕ್ಕರ್ ಕೂಗಿದಾಗಲೆಲ್ಲ ಬೆಂದ ಕಡಲೆಬೇಳೆಯ ವಾಸನೆ ನನ್ನ ಮೂಗಿಗೆ ಬರುತ್ತದೆ, ಅವರು ಅನ್ನಕ್ಕಿಟ್ಟಿದ್ದರೂ. ಮೂಗು ಹೇಳುವುದನ್ನು ನಂಬಬಾರದೆಂದು ಗೊತ್ತು. ಸಾಕ್ಷಿಯಿಲ್ಲದೆ ಏನನ್ನೂ ಒಪ್ಪಬೇಡ ಎನ್ನುವುದೊಂದನ್ನೇ ಯೂನಿವರ್ಸಿಟಿಯಿಂದ ಕಲಿತು ಬಂದವನು ನಾನು. ಆದರೂ ಆ ವಾಸನೆಯ ಹಿಂದೆಯೇ ತ್ಯಾವಣಿಗೆಯ ನಮ್ಮ ಅಡುಗೆಮನೆ ಬರುತ್ತದೆ: ಮಸಿ ಹಿಡಿದ ಗೋಡೆ, ನೆಲದಲ್ಲಿ ಹೂತ ಒರಳು, ಒಲೆಯ ಮುಂದೆ ಕಣ್ಣುಜ್ಜಿಕೊಳ್ಳುವ ಅವ್ವ, ಬಾಗಿಲಿಗೆ ಅಡ್ಡ ಮಣೆ ಹಾಕಿಕೊಂಡು ಕೂತ ಅಜ್ಜಿ. ನಿಮಗೂ ಅಂಥದೊಂದು ಅಡುಗೆಮನೆ ಇದ್ದಿರಬಹುದು. ಅದು ಹೋಯಿತಲ್ಲ ಎಂದು ಮರುಗುವಾಗ ಅಲ್ಲಿ ಹೊಗೆ ಕುಡಿದವರು ಯಾರೆಂದೂ ಒಮ್ಮೆ ನೆನೆಯಿರಿ.

ಎಪ್ಪತ್ತರ ದಶಕ ಮುಗಿಯುತ್ತಿತ್ತು, ನನಗೆ ಎಂಟು ವರ್ಷವಿರಬೇಕು. ಚಿಕ್ಕಪ್ಪನನ್ನು ಮದುವೆಯಾಗಿ ಸಾಸ್ವೆಹಳ್ಳಿಯಿಂದ ಬಂದ ಗಿರಿಜ ಚಿಕ್ಕಮ್ಮ ತವರಿನ ಸಾಮಾನಿನ ಜೊತೆ ಒಂದು ಕುಕ್ಕರ್ ತಂದಿದ್ದಳು. ಅಜ್ಜಿ ಅದನ್ನು ಅಟ್ಟಕ್ಕೆ ಹಾಕಿಸಿದ್ದಳು. ಆ ಬೇಸಿಗೆಯಲ್ಲಿ ಚಿಕ್ಕಮ್ಮನ ತಂಗಿಯ ಮದುವೆ ಗೊತ್ತಾಯಿತು. ಅಜ್ಜ ತೀರಿಕೊಂಡ ದಿನದ ವರ್ಷದ ಎಡೆ ಆ ಮದುವೆಯ ಹಿಂದಿನ ದಿನವೇ ಬಿತ್ತು. ಮಾರನೆಯ ದಿನ ಬೆಳಗಿನ ಜಾವಕ್ಕೇ ಧಾರೆ. ಎಡೆಯಿಟ್ಟು, ನೆಂಟರಿಗೆಲ್ಲ ಹೋಳಿಗೆ ಬಡಿಸಿ, ಮಧ್ಯಾಹ್ನದ ಒಂದೇ ಬಸ್ಸಿಗೆ ಹೊರಡುವುದಾದರೆ ಹೊರಡು ಎಂದಳು ಅಜ್ಜಿ. ಹೊರಡಲಾಗದೆಂದು ಅವಳಿಗೆ ಗೊತ್ತಿತ್ತು. ಸತ್ತವರ ಎಡೆಗೆ ಅಂದೇ ಮಿಂದು ಅಂದೇ ಒಲೆ ಹೊತ್ತಿಸಬೇಕು ಎನ್ನುವುದು ನಮ್ಮ ಮನೆಯ ಕಟ್ಟಳೆ. ಬೇಳೆ ಬೇಯಿಸಿ, ಬಸಿದು, ಬೆಲ್ಲ ಹಾಕಿ ಬತ್ತಿಸಿ, ಒರಳಲ್ಲಿ ರುಬ್ಬಿ ಹೂರಣ ಮಾಡುವಷ್ಟರಲ್ಲೇ ಹೊತ್ತು ನೆತ್ತಿಗೆ ಬರುತ್ತಿತ್ತು.

ಚಿಕ್ಕಮ್ಮ ಅಳುತ್ತ ಕೂರಲಿಲ್ಲ. ಎಡೆಯ ಹಿಂದಿನ ಸಂಜೆ ಅಜ್ಜಿ ಮಠಕ್ಕೆ ಹೋದದ್ದೇ ಅಟ್ಟದಿಂದ ಕುಕ್ಕರ್ ಇಳಿಸಿದಳು. ಮೂರು ಸಲ ಇಟ್ಟಳು, ಸಲಕ್ಕೆ ಎರಡು ಕೂಗು. ಅವ್ವ ಒರಳಿಗೆ ಬಂದು ಕೈಜೋಡಿಸಿದಳು. ವಾರಗಿತ್ತಿಯರಿಬ್ಬರೂ ನಗುತ್ತ ಹೂರಣ ರುಬ್ಬಿ, ಉಂಡೆ ಕಟ್ಟಿ, ಬುಟ್ಟಿಗೆ ಒದ್ದೆಬಟ್ಟೆ ಮುಚ್ಚಿದರು. "ಅಕ್ಕಾರೆ, ಬೆಳಿಗ್ಗೆ ಬರೇ ತಟ್ಟೋದು, ಸುಡೋದು. ಕಣ್ಣು ಉರಿಯಂಗಿಲ್ಲ, ರಟ್ಟೆ ನೋಯಂಗಿಲ್ಲ. ಮುಂದಿನ ಸಲ ನೀವೂ ಹಿಂಗೇ ಮಾಡ್ರಿ" ಎಂದಳು ಚಿಕ್ಕಮ್ಮ.

ಬೆಳಗಾಗುವಷ್ಟರಲ್ಲಿ ಅಜ್ಜಿಗೆ ಗೊತ್ತಾಗಿತ್ತು. ಬಂದ ನೆಂಟರೆಲ್ಲರ ಎದುರಿಗೆ ಬುಟ್ಟಿಯನ್ನು ನಡುಮನೆಗೆ ತರಿಸಿದಳು. "ಸತ್ತೋರಿಗೆ ತಂಗಳು ಇಕ್ಕಾಕೆ ಹೊಂಟೀಯೇನೇ? ನಾಳೆ ನಾನು ಸತ್ರೆ ಬೇಕರಿ ಬನ್ನು ತಂದಿಕ್ತೀಯಾ?" ಎಂದಾಗ ನೆಂಟರು ನಕ್ಕರು. ಚಿಕ್ಕಮ್ಮನ ಕೈಯಿಂದಲೇ ಆ ಉಂಡೆಗಳನ್ನು ಒಂದೊಂದಾಗಿ ಎಮ್ಮೆಯ ಬಾಯಿಗೆ ಕೊಡಿಸಿ, ಹೊಸದಾಗಿ ಬೇಳೆ ಅಳೆದುಕೊಟ್ಟು, ಯಾರೂ ಕೈ ಹಾಕಕೂಡದೆಂದಳು. ಚಿಕ್ಕಪ್ಪ ಜಗಲಿಯಲ್ಲಿ ಎಲೆಗೆ ಸುಣ್ಣ ಸವರುತ್ತ ಕೂತಿದ್ದ. ಹಸಿದವರು ಆಗಾಗ ಒಳಗೆ ಇಣುಕಿ ಇನ್ನೂ ಎಷ್ಟು ಹೊತ್ತೆಂದು ಕೇಳುತ್ತಿದ್ದರು. ಚಿಕ್ಕಮ್ಮ ಒರಳಿಗೆ ಬಗ್ಗಿದ್ದಾಗ ಬಸ್ಸು ಹಾರನ್ ಹಾಕಿಕೊಂಡು ಹೋಯಿತು. ಅವಳ ಕೈ ಒಂದು ಗಳಿಗೆ ನಿಂತು ಮತ್ತೆ ತಿರುಗಿತು. ಎಲ್ಲರೂ ಉಂಡೆದ್ದ ಮೇಲೆ ಅಜ್ಜಿ, "ಹೋಳಿಗೆ ಚೆನ್ನಾಗಿ ಬಂದಾವೆ. ಇನ್ನು ಹೋಗು ತವರಿಗೆ, ನಾನೇನು ಬ್ಯಾಡ ಅಂದೆನಾ?" ಎಂದಳು. ಸಾಸ್ವೆಹಳ್ಳಿಯಲ್ಲಿ ತಂಗಿ ಧಾರೆಯ ಹೊತ್ತಿನವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದಳೆಂದು ಆಮೇಲೆ ಕೇಳಿದೆವು.

ಕುಕ್ಕರಿನ ಗುಟ್ಟನ್ನು ಅಜ್ಜಿಗೆ ಹೇಳಿದವನು ನಾನು. ಅಜ್ಜಿಯ ತೊಡೆಯ ಮೇಲೆ ಕೂತು ಕುಕ್ಕರಿನಂತೆ ಕೂಗಿ ತೋರಿಸಿದ್ದು, ಅವಳು ನನ್ನ ಬಾಯಿಗೆ ಬೆಲ್ಲದ ಚೂರು ಇಟ್ಟದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಆದರೆ ಕಣ್ಣಿಗೆ ಕಟ್ಟಿದ್ದೆಲ್ಲ ಕಂಡದ್ದೇ ಆಗಿರಬೇಕೆಂದಿಲ್ಲ. "ನಮ್ಮ ಹುಡುಗ ಬಾಯಿ ಬಿಟ್ಟ" ಎಂದು ಮನೆಯಲ್ಲಿ ಎಷ್ಟು ಸಲ ಹೇಳಿ ನಕ್ಕರೆಂದರೆ, ಆ ಬೆಲ್ಲದ ರುಚಿ ಅಂದಿನದೋ, ಕೇಳಿ ಕೇಳಿ ನಾಲಿಗೆಯ ಮೇಲೆ ಕೂತದ್ದೋ ತಿಳಿಯದು. ಅವ್ವನೂ ಬಂದವರ ಮುಂದೆ ನಗುತ್ತ ಹಾಗೇ ಹೇಳುತ್ತಿದ್ದಳು.

ಎಂಬತ್ತರ ದಶಕದಲ್ಲಿ ಅಜ್ಜಿ ಹೋದಳು. ಮನೆ ಪಾಲಾಗಿ, ಮಾರಾಟವಾಗಿ, ಅಡುಗೆಮನೆಯಿದ್ದಲ್ಲಿ ಗೊಬ್ಬರದ ಗೋದಾಮು ಬಂತು. ಎಷ್ಟೋ ವರ್ಷಗಳ ಮೇಲೆ, ಹೊನ್ನಾಳಿಯಲ್ಲಿ ಮಗಳ ಮನೆಯಲ್ಲಿದ್ದ ಚಿಕ್ಕಮ್ಮನನ್ನು ನೋಡಲು ಹೋದಾಗ ಕ್ಷಮಿಸು ಎಂದೆ. ಯಾವುದಕ್ಕೆಂದು ಕೇಳಿದಳು. ಹೇಳಿದೆ.

"ನೀನಾ? ನೀನು ಏಳೋಕೆ ಮುಂಚೇನೇ ಎಲ್ಲಾ ಆಗಿತ್ತಪ್ಪ. ಹೇಳಿದ್ದು ನಿಮ್ಮವ್ವ. ಹಿತ್ಲಾಗೆ ನಿಂತು ಹೇಳಿದ್ದನ್ನ ಈ ಕಿವೀಲೇ ಕೇಳೀನಿ."

ನಾನು ಒಪ್ಪಲಿಲ್ಲ. ಹಿಂದಿನ ಸಂಜೆ ಅವ್ವನೂ ಜೊತೆಗೆ ಕೂತು ರುಬ್ಬಿದ್ದಳಲ್ಲ ಎಂದೆ.

"ಅದಕ್ಕೇ" ಎಂದಳು ಚಿಕ್ಕಮ್ಮ. "ಹತ್ತು ವರ್ಷ ಆ ಹೊಗೇಲಿ ಕೂತು ರುಬ್ಬಿದೋಳು ನಿಮ್ಮವ್ವ. ನಾನು ಎರಡು ಕೂಗಿಗೆ ಮುಗಿಸಿಬಿಟ್ರೆ, ಆ ಹತ್ತು ವರ್ಷ ಏನಾಗಬೇಕಿತ್ತು ಹೇಳು?"

ಅವ್ವ ಸತ್ತು ಆಗಲೇ ನಾಲ್ಕು ವರ್ಷವಾಗಿತ್ತು. ಯಾರನ್ನು ಕೇಳುವುದು? ಚಿಕ್ಕಮ್ಮ ನನ್ನ ಮುಖ ನೋಡಿ, ಹೇಳಬಾರದಿತ್ತು ಅನ್ನಿಸಿರಬೇಕು, ದನಿ ತಗ್ಗಿಸಿದಳು. "ನೀನೇ ಹೇಳಿದ್ದು ಅಂತ ಇಟ್ಕೋ. ಹುಡುಗ ಅಂದ್ರೆ ಎಲ್ರೂ ಬಿಟ್ಬಿಡ್ತಾರೆ."

ಹಾಗೇ ಇಟ್ಟುಕೊಂಡಿದ್ದೇನೆ. ಅವ್ವನ ಎಡೆಯ ದಿನ ಊಟಕ್ಕೆ ಕೂತ ನೆಂಟರು ಆ ಮಾತು ತೆಗೆದು ನಕ್ಕರೆ, ಹೌದು, ನಾನೇ ಹೇಳಿದ್ದು ಎನ್ನುತ್ತೇನೆ. ಪಂಕ್ತಿಯ ಕೊನೆಯಲ್ಲಿ ಚಿಕ್ಕಮ್ಮ ತಲೆಯೆತ್ತದೆ ಉಣ್ಣುತ್ತಿರುತ್ತಾಳೆ.