ಬಲ್ಲ ಮೂಲಗಳ ಊರು ಭಾತಂಬ್ರಾ

ನಮ್ಮ ಕಾಕಾನ ಮಾತನ್ನು ಭಾತಂಬ್ರಾದಲ್ಲಿ ಯಾರೂ ನಂಬುವುದಿಲ್ಲ. ಮಳೆ ಬಂತು ಎಂದು ಅವನು ಕೂಗಿದರೆ, ಮಂದಿ ಅಂಗಳಕ್ಕೆ ಕೈ ಚಾಚಿ ನೋಡಿದ ಮೇಲೆಯೇ ಒಣಹಾಕಿದ ಬಟ್ಟೆ ತೆಗೆಯುತ್ತಾರೆ. ಅವನೇನು ಸುಳ್ಳುಗಾರನಲ್ಲ. ಹೇಳುವಾಗ ಒಂದಿಷ್ಟು ಉಪ್ಪು-ಖಾರ ಹಚ್ಚುತ್ತಾನೆ, ಅಷ್ಟೇ. ಅಣ್ಣತಮ್ಮಂದಿರು ಕುರಿ ಸಾಕಿಕೊಂಡು ಊರಲ್ಲೇ ಉಳಿದರೆ, ಕಾಕಾ ಬೀದರಿನ ಅಂಚಿನ ಕೊಳಾರದಲ್ಲಿ ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆ ಸೇರಿದ. ವಾರವಿಡೀ ಅಲ್ಲೇ ಇದ್ದು ಐತವಾರ ಊರಿಗೆ ಬರುತ್ತಾನೆ. ಬಂದಕೂಡಲೇ ಅವನ ಹೆಂಡತಿ, ನಮ್ಮ ಕಾಕು, ಅಂಗಿ ಬಿಚ್ಚಿಸಿ, ತಂಬಾಕಿನ ಪುಡಿ ಸಿಗುತ್ತದೇನೋ ಎಂದು ಜೇಬು ತಡಕುತ್ತಾಳೆ. ಡಾಕ್ಟರು ಬಾಯಿ ತೆರೆಸಿ ನೋಡಿ ಗದರಿಸಿದ ಮೇಲೆ ತಂಬಾಕು ಬಿಟ್ಟೆ ಎಂದು ಕಾಕಾ ಹೇಳುತ್ತಲೇ ಇದ್ದ. ಖರೇ ಹೇಳುತ್ತೇನೆ, ಬಿಟ್ಟಿದ್ದ. ಕಾರ್ಖಾನೆ ಗೇಟಿನ ಮುಂದಿನ ಚಹಾದಂಗಡಿಯಲ್ಲಿ ಅವನ ಜೋಡಿ ಕೂತು ನಾನೇ ನೋಡಿದ್ದೇನೆ. ಸುತ್ತಲಿನವರೆಲ್ಲ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದರೆ ಇವನು ಜೇಬಿನಿಂದ ಬಡೆಸೋಪಿನ ಕಾಳು ತೆಗೆದು ಅಗಿಯುತ್ತಿದ್ದ.

"ಮನ್ಯಾಗ ನನ್ನ ಒಂದ್ ಮಾತ, ಒಂದೇ ಒಂದ್ ಮಾತ ನಂಬಿದ್ರ ಸಾಕಪಾ" ಎನ್ನುತ್ತಿದ್ದ.

ನಂಬಿಸುವುದು ನನ್ನ ಕಸುಬು. ಬೀದರಿನ ಬಾಡಿಗೆ ಕೋಣೆಯಲ್ಲಿ ಕೂತು ಬೆಂಗಳೂರಿನ ಒಂದು ವೆಬ್‌ಸೈಟಿಗೆ ಮೊಬೈಲ್ ಸುದ್ದಿ ಬರೆಯುತ್ತೇನೆ. ಅದರಲ್ಲಿ ಮುಕ್ಕಾಲು ಪಾಲು ಒಂದೇ ಕಂಪನಿಯದು. ಹೆಸರು ಯಾಕೆ ಬಿಡಿ, ನಿಮ್ಮ ಮನೆಯಲ್ಲೂ ಅದರದೊಂದು ಸಾಮಾನು ಇದ್ದೀತು. ಶ್ರೀಮಂತರಿಗೊಂದು, ನಮ್ಮಂಥವರಿಗೊಂದು ಎಂದು ವರ್ಷ ವರ್ಷ ಫೋನು ಬಿಡುತ್ತದೆ. ಬರುವ ಮುಂಚೆ 'ಸೋರಿಕೆ', ಬಂದ ದಿನ 'ಕ್ರಾಂತಿ', ಬಂದ ವಾರ 'ಕೊಳ್ಳಬೇಕೇ, ಬೇಡವೇ'. ಅಷ್ಟು ಮುಗಿಯುವುದರೊಳಗೆ ಮುಂದಿನ ಫೋನು ಸೋರತೊಡಗಿರುತ್ತದೆ. ಅದರ ಒಂದು ಫೋನನ್ನೂ ನಾನು ಕೈಯಲ್ಲಿ ಹಿಡಿದವನಲ್ಲ. ಆದರೂ 'ಕೈಗೆ ಹಿತವಾಗಿ ಕೂರುತ್ತದೆ' ಎಂದು ಎಷ್ಟೋ ಸಲ ಬರೆದಿದ್ದೇನೆ. ಕಂಪನಿಯೇ ಫೋನು ಕಳಿಸಿಕೊಡುವ ದೊಡ್ಡ ವಿಮರ್ಶಕರೂ ಇದ್ದಾರೆ. ಕಂಪನಿ ಹೇಳಿದ ಗಳಿಗೆಯವರೆಗೆ ಅವರ ಬಾಯಿಗೆ ಬೀಗ. ಗಳಿಗೆ ಬಂದದ್ದೇ ತಡ, ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ಸ್ವತಂತ್ರ ಅಭಿಪ್ರಾಯ ಹೇಳುತ್ತಾರೆ. ಎಲ್ಲರ ಸ್ವತಂತ್ರ ಅಭಿಪ್ರಾಯವೂ ಒಂದೇ ಆಗಿರುತ್ತದೆ.

ಒಂದು ದಿನ ಅದೇ ಚಹಾದಂಗಡಿಯಲ್ಲಿ ಕಾಕಾ ದನಿ ತಗ್ಗಿಸಿ ಹೇಳಿದ. "ಆ ಕಂಪನಿದು ಹೊಸಾ ಫೋನಿನ ಡಬ್ಬಿ ನಮ್ಮಲ್ಲೇ ಕಟ್ ಆಗಲತ್ತಾವ. ಒಳಗ ಚಾರ್ಜರ್ ಇಡು ಸಂದಿನೇ ಇಲ್ಲ. ಈ ಸಲ ಚಾರ್ಜರ್ ಕೊಡಂಗಿಲ್ಲ ಕಾಣ್ತದ."

ನನ್ನ ಕಿವಿ ನೆಟ್ಟಗಾದವು. "ಬರೀಲೇನ್ರಿ ಕಾಕಾ?"

"ಬರಿ. ಆದ್ರ ನನ್ನ ಹೆಸರ ಹಾಕಿ ಬರಿ. ನಿಮ್ಮ ಕಾಕುಗ ತೋರಸ್ಬೇಕು."

"ಹೆಸರ ಹಾಕಿದ್ರ ನಿಮ್ಮ ಕೆಲಸಾ ಹೋಗ್ತದರಿ" ಎಂದು ತಿಳಿಸಿ ಹೇಳಿ, 'ಬಲ್ಲ ಮೂಲಗಳ ಪ್ರಕಾರ' ಎಂದು ಬರೆದೆ. ಓದಿ ಕಾಕಾನ ಮುಖ ಸಪ್ಪಗಾಯಿತು. "ಇದು ಭಾಳ ಮಂದಿ ಕೂಡಿ ಹೇಳಿದಂಗ ಅದಲ್ಲೋ. ಹೇಳ್ದಾವ ನಾ ಒಬ್ಬನೇ ಅಲ್ಲೇನು?" ಎಂದ.

ಇತ್ತ ಅವನ ಮನೆಯಲ್ಲೂ ಫೋನಿನದೇ ಮಾತು ನಡೆದಿತ್ತು. ಮಗಳು ಔರಾದಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಅವಳಿಗೆ ಹೊಸ ಮಾಡೆಲ್ಲೇ ಕೊಡಿಸುವುದೆಂದು ಕಾಕು ಕಾಯುತ್ತಿದ್ದಳು. ಹೊಸದಕ್ಕೆ ಚಾರ್ಜರ್ ಇರುವುದಿಲ್ಲ, ಹಳೆಯದನ್ನೇ ತಗೊಳ್ಳಿ ಎಂದು ಕಾಕಾ ಹೇಳಿದರೆ ತಾಯಿ-ಮಗಳು ನಕ್ಕುಬಿಟ್ಟರು.

ನನ್ನ ಸುದ್ದಿಯನ್ನು ಮೊದಲ ದಿನ ನಾಯಿಯೂ ಮೂಸಲಿಲ್ಲ. ಆಮೇಲೆ ಒಂದು ಇಂಗ್ಲಿಷ್ ಸೈಟು 'ಭಾರತದ ಮೂಲಗಳು' ಎಂದು ಎತ್ತಿಕೊಂಡಿತು. ಅದನ್ನು ಪರದೇಶದ ಸೈಟೊಂದು 'ಏಷ್ಯಾದ ಪೂರೈಕೆ ಸರಪಳಿಯ ಉನ್ನತ ಮೂಲಗಳು' ಎಂದು ಏರಿಸಿತು. ನಮ್ಮ ಕಾಕಾ ಕೂತಲ್ಲೇ ಬಡ್ತಿ ಪಡೆಯುತ್ತ ಹೋದ. ಒಬ್ಬ ಪರಿಣತ ಇದನ್ನು ದಿಟ್ಟ ಹೆಜ್ಜೆ ಎಂದ. ಇನ್ನೊಬ್ಬ ಇದರಿಂದ ಭೂಮಿ ತಂಪಾಗುತ್ತದೆ ಎಂದ. ಮೂರನೆಯವನು ಇದು ಗ್ರಾಹಕರಿಗೆ ಬಗೆದ ದ್ರೋಹವೆಂದು ಕ್ಯಾಮೆರಾದ ಮುಂದೆ ಕಣ್ಣು ಕೆಂಪು ಮಾಡಿದ. ಗಾಳಿಸುದ್ದಿಗೆ ಪ್ರತಿಕ್ರಿಯೆ ಕೊಡುವುದಿಲ್ಲ ಎಂದು ಕಂಪನಿ ಹೇಳಿತು. 'ನಿರಾಕರಿಸದ ಕಂಪನಿ!' ಎಂದು ಅದೂ ಸುದ್ದಿಯಾಯಿತು.

ಆಗ ಬೆಂಗಳೂರಿನಿಂದ ನಮ್ಮ ಸಂಪಾದಕರ ಫೋನು ಬಂತು. "ಫಾರಿನ್ ಸೈಟಲ್ಲಿ ಭಾರಿ ಸ್ಟೋರಿ ಬಂದಿದೆ. ಚಾರ್ಜರ್ ವಿಷಯ. ಬೇಗ ಕನ್ನಡಕ್ಕೆ ತನ್ನಿ."

"ಸರ್, ಅದು ನಮ್ಮದೇ ಸುದ್ದಿರಿ."

"ನಮ್ಮದಾಗಿದ್ದಾಗ ಯಾರು ಓದಿದ್ರು? ಈಗ ಅವರದು. ಈಗ ಓದ್ತಾರೆ."

ಹೀಗೆ ನಮ್ಮ ಕಾಕಾನ ಮಾತನ್ನು ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿದೆ. 'ಚಾರ್ಜರ್‌ಗೆ ವಿದಾಯ: ಕಾರಣ ಕೇಳಿದರೆ ಬೆರಗಾಗುತ್ತೀರಿ' ಎಂದು ತಲೆಬರಹ ಕೊಟ್ಟೆ. ಕಾರಣ ನನಗೂ ಗೊತ್ತಿರಲಿಲ್ಲ.

ಅದು ಔರಾದಿಗೂ ಮುಟ್ಟಿತು. ಅಲ್ಲಿನ ಮೊಬೈಲ್ ಅಂಗಡಿಯವನೊಬ್ಬ 'ಚಾರ್ಜರ್ ಸಹಿತ ಹಳೆ ಮಾಡೆಲ್, ಮುಗಿದರೆ ಮತ್ತೆ ಸಿಗುವುದಿಲ್ಲ' ಎಂದು ಬೋರ್ಡು ನೇತುಹಾಕಿದ. ಮಗಳು ಅದರ ಫೋಟೊ ಕಳಿಸಿದಳು. ಆ ಐತವಾರ ನಾನೂ ಭಾತಂಬ್ರಾದಲ್ಲಿದ್ದೆ. ಕಾಕು ಮೊಬೈಲ್ ಹಿಡಿದು ಗಂಡನಿಗೇ ಸುದ್ದಿ ಓದಿ ಹೇಳಿದಳು. "ಕೇಳ್ರಿ ಇಲ್ಲಿ. ಹೊಸಾದಕ್ಕ ಚಾರ್ಜರ್ ಕೊಡಂಗಿಲ್ಲಂತ. ಹಳೇದೇ ತಗೊಳಮಿ."

"ನಾ ಮೊದಲೇ ಹೇಳಿದ್ನಲ್ಲ!"

"ನೀವ್ ಹೇಳಿದ್ದು ಬ್ಯಾರೆ. ಇದು ಮೂಲಗಳು ಹೇಳಿದ್ದು."

ಕಾಕಾ ನನ್ನ ಮುಖ ನೋಡಿದ. ನಾನು ತಾಟಿನಲ್ಲಿದ್ದ ರೊಟ್ಟಿ ನೋಡಿದೆ. ಬಾಯಿ ಬಿಟ್ಟರೆ ಅವನ ಕೆಲಸಕ್ಕೆ ಕುತ್ತು ಎಂದು ನನಗೆ ನಾನೇ ಹೇಳಿಕೊಂಡೆ.

ಅದಾದ ಮೇಲೆ ಮೂರು ದಿನಕ್ಕೋ ನಾಲ್ಕು ದಿನಕ್ಕೋ ಕಾಕಾ ಏದುಸಿರು ಬಿಡುತ್ತ ಫೋನ್ ಮಾಡಿದ. "ಲೇ, ಘಾತ ಆಯ್ತು. ಆ ಡಬ್ಬಿ ತಪ್ಪ ಕಟ್ ಆಗಿದ್ವಂತ. ಮಷೀನಿಗಿ ಬ್ಯಾರೆ ಮಾಡೆಲ್‌ದ ಅಚ್ಚು ಕುಂದ್ರಿಸ್ಯಾರ. ಎಲ್ಲಾ ರದ್ದಿಗಿ ಹಾಕಲತ್ತಾರ. ಈಗ ಕಟ್ ಆಗಲತ್ತವು ನೋಡಿದ್ನಿ, ಚಾರ್ಜರ್ ಸಂದಿ ಅದ. ಲಗೂ ಬರಿ."

ಬರೆದು ಕಳಿಸಿದೆ. ಸಂಪಾದಕರು ಒಂದೇ ಮಾತಿನಲ್ಲಿ ಮುಗಿಸಿದರು. "ಚಾರ್ಜರ್ ಇರುತ್ತೆ ಅನ್ನೋದು ಸುದ್ದಿ ಏನ್ರಿ? ಜಗತ್ತೆಲ್ಲ ಇಲ್ಲ ಅಂತಿರುವಾಗ ನಾವೊಬ್ಬರು ಇದೆ ಅಂದ್ರೆ ನಗ್ತಾರೆ." ನನಗೆ ಮೈಯೆಲ್ಲ ಉರಿಯಿತು. ಆದರೆ ಉರಿದುಕೊಂಡೇ ಸಂಬಳ ತಗೊಳ್ಳುವುದು ನಮ್ಮ ಕಸುಬಿನ ರೂಢಿ.

ಕಾಕಾ ಸುಮ್ಮನೆ ಕೂರಲಿಲ್ಲ. ವಾರದ ನಡುವೆ ರಜೆ ಹಾಕಿ ಭಾಲ್ಕಿ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಊರಿಗೆ ಹೋದ. ಹಳೇದು ತಗೊಳ್ಳಬೇಡಿ, ನಾನು ಹೇಳಿದ್ದು ತಪ್ಪು ಎಂದು ಕೈಮುಗಿದ. ಕಾಕು ಹಿಟ್ಟು ನಾದುತ್ತಲೇ ಉತ್ತರ ಕೊಟ್ಟಳಂತೆ. "ಇಡೀ ದುನಿಯಾಕ್ಕ ಇಲ್ಲಂತ ಗೊತ್ತದ. ನಿಮ್ಮೊಬ್ರಿಗೇ ಅದ ಅಂತ ಕಾಣ್ತದೇನು?" ಮರುದಿನ ಔರಾದಿನ ಆ ಅಂಗಡಿಯಲ್ಲೇ ಹಳೆಯ ಮಾಡೆಲ್ ತಗೊಂಡರು.

ಹೊಸ ಫೋನು ಬಂತು. ಡಬ್ಬಿಯೊಳಗೆ ಚಾರ್ಜರ್ ಇತ್ತು. ಈಗ ಎಲ್ಲರೂ ನಾಲಿಗೆ ಕಚ್ಚಿಕೊಳ್ಳುತ್ತಾರೆ, ಯಾರಾದರೂ ಒಬ್ಬರಾದರೂ ತಪ್ಪಾಯಿತು ಎನ್ನುತ್ತಾರೆ ಎಂದುಕೊಂಡೆ. ಎಂಥ ಭೋಳೆ ನಾನು. 'ಗ್ರಾಹಕರ ಕೂಗಿಗೆ ಮಣಿದ ಕಂಪನಿ: ಚಾರ್ಜರ್ ವಾಪಸ್!' ಎಂದು ಎಲ್ಲ ಕಡೆ ಬಂತು. ಎಲ್ಲಿಗೂ ಹೋಗದಿದ್ದ ಚಾರ್ಜರನ್ನು ವಾಪಸ್ ತಂದದ್ದಕ್ಕೆ ಕಂಪನಿಯ ದೊಡ್ಡ ಮನಸ್ಸನ್ನು ಹೊಗಳಿದ್ದೇ ಹೊಗಳಿದ್ದು. ದ್ರೋಹ ಎಂದವನು ಇದು ತನ್ನ ಹೋರಾಟದ ಗೆಲುವು ಎಂದ. ನಾನೂ ಬರೆದೆ. ಆ ಐತವಾರ ಊರಲ್ಲಿ ಕಾಕು ಅದನ್ನು ಓದಿದಳು. "ಮಂದಿ ಗದ್ದಲಾ ಮಾಡ್ಯಾರ, ಕಂಪನಿ ಹೆದರ್ಯಾದ" ಎಂದಳು. ಕಾಕಾ ಎದ್ದು ಹೋಗಿ ಕುರಿ ದೊಡ್ಡಿಯ ಕಟ್ಟೆಯ ಮೇಲೆ ಒಬ್ಬನೇ ಕೂತ. ಅವನನ್ನು ನೋಡಿ ನನಗೆ ಸಂಕಟವಾಯಿತು.

ಮುಂದೆ ಚಹಾದಂಗಡಿಯಲ್ಲಿ ಸಿಕ್ಕಾಗ ಅವನೇ ಮಾತು ತೆಗೆದ. "ಒಂದ್ ಸುದ್ದಿ ಬರಿಯಪಾ. ನನ್ನ ಹೆಸರ ಹಾಕಬ್ಯಾಡ. ಬಲ್ಲ ಮೂಲಗಳು ಅಂತ ಹಾಕು, ನಂಬತಾರ."

"ಏನಂತ ಬರೀಬೇಕ್ರಿ?"

"ನಾ ತಂಬಾಕ ಬಿಟ್ಟೀನಂತ."

ನನಗೆ ನಗು ಬಂತು. ಅವನು ನಗಲಿಲ್ಲ. ನಾನು ಅಲ್ಲೇ ಕೂತು ನಮ್ಮ ಸೈಟಿನ ಶೈಲಿಯಲ್ಲೇ ಬರೆದೆ. 'ತಂಬಾಕಿಗೆ ವಿದಾಯ: ಕೊಳಾರದ ಬಲ್ಲ ಮೂಲಗಳ ಖಚಿತ ಮಾಹಿತಿ'. ಕಾಕುವಿನ ವಾಟ್ಸಾಪಿಗೆ ಕಳಿಸಿದೆ. ಚಹಾ ಆರುವುದರೊಳಗೆ ಅವಳ ಫೋನು ಬಂತು.

"ಮೂಲಗಳು ಅಂದ್ರ ಯಾರಪಾ?"

ಇಷ್ಟು ವರ್ಷ ಈ ಪ್ರಶ್ನೆಯನ್ನು ನನಗೆ ಸಂಪಾದಕರು ಕೇಳಿಲ್ಲ, ಓದುಗರು ಕೇಳಿಲ್ಲ, ಪರದೇಶದವರಂತೂ ಕೇಳಿಯೇ ಇಲ್ಲ. ಇದ್ದದ್ದು ಹೇಳಿಬಿಟ್ಟೆ. "ಕಾಕಾನೇರಿ, ಕಾಕು. ಆದ್ರ ಖರೇ ಅದ, ನಾನೂ ನೋಡೀನಿ."

"ಆ ಚಾರ್ಜರ್ ಸುದ್ದಿನೂ ಅವ್ರದೇ ಏನು?"

"ಹೌದ್ರಿ."

"ತಪ್ಪಾಗ್ಯಾದ ಅಂತ ಹೇಳಾಕ ಬಸ್ ಹತ್ತಿ ಬಂದವ್ರೂ ಅವ್ರೊಬ್ರೇ" ಎಂದಳು ಕಾಕು. "ಮೂಲ-ಗೀಲ ತಗಿ. ಅವ್ರ ಹೆಸರ ಹಾಕಿ ಕಳ್ಸು."

ಹಾಕಿ ಕಳಿಸಿದೆ. ನಾನು ಬರೆದ ಸುದ್ದಿಗಳಲ್ಲಿ ಮೂಲದ ಹೆಸರಿರುವುದು ಅದೊಂದೇ.

ಮುಂದಿನ ಐತವಾರ ಕಾಕು ಜೇಬಿಗೆ ಕೈ ಹಾಕದೆಯೇ ಅಂಗಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿದಳಂತೆ. ಜೇಬಿನಲ್ಲಿದ್ದ ಬಡೆಸೋಪೆಲ್ಲ ನೀರಿನ ಮೇಲೆ ತೇಲಿತಂತೆ. ಕಾಕಾ ಇದನ್ನು ಫೋನಿನಲ್ಲಿ ಹೇಳಿದ. ಉಪ್ಪು-ಖಾರ ಹಚ್ಚಲಿಲ್ಲ.