ಹೇಳಿದವರ ಹೆಸರು

ಯಾರಾದರೂ ತಮಗಾದ ವಿಚಿತ್ರ ಹೇಳಲು ಶುರುಮಾಡಿದರೆ ನಾನು ಮಧ್ಯದಲ್ಲೇ ಬಾಯಿ ಹಾಕುತ್ತಿದ್ದೆ. "ಅವತ್ತು ಊಟ ಮಾಡಿದ್ರಾ? ಸರಿಯಾಗಿ ನಿದ್ದೆ ಮಾಡಿದ್ರಾ?" ಎಂದು ಕೇಳಿದರೆ ಅರ್ಧ ಕಥೆ ಅಲ್ಲೇ ಬಿದ್ದುಹೋಗುತ್ತಿತ್ತು. ಕನಕಪುರದ ಕಡೆ ಕುರಿ ಮೇಯಿಸುವ ಮನೆಯಲ್ಲಿ ಹುಟ್ಟಿ, ನಮ್ಮ ವಂಶದಲ್ಲೇ ಮೊದಲು ಡಿಗ್ರಿ ಪಡೆದವಳು ನಾನು. ಕಾಣದ್ದನ್ನು ನಂಬುವುದು ಓದದವರ ಕೆಲಸ ಎಂಬ ಜಂಬವಿತ್ತು. ಈಗಲೂ ಪೂರ್ತಿ ಹೋಗಿಲ್ಲ. ಆದರೆ ನಾಲ್ಕು ಪುಟ ನನ್ನ ಹತ್ತಿರ ಇವೆ, ನನ್ನದೇ ಅಕ್ಷರದಲ್ಲಿ.

ಡಿಗ್ರಿ ಎರಡನೇ ವರ್ಷದ ಬೇಸಿಗೆ ರಜೆ. ರಾಮನಗರದಲ್ಲಿ ಕೆಲವು ಮೇಷ್ಟ್ರುಗಳು ಸೇರಿ ಮಾಡಿಕೊಂಡಿದ್ದ ಒಂದು ಗುಂಪಿಗೆ ಸ್ವಯಂಸೇವಕಿಯಾಗಿ ಸೇರಿದ್ದೆ. ಬೆಳಿಗ್ಗೆ ಅಕ್ಕೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಫೇಲಾದ ಮಕ್ಕಳಿಗೆ ಗಣಿತ ಹೇಳಿಕೊಡಬೇಕು. ಮಧ್ಯಾಹ್ನ ಊರಿನ ಹಿರಿಯರ ಬೇಸಾಯದ ತಿಳಿವಳಿಕೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು, ಅದು ಪುಸ್ತಕವಾಗುತ್ತದೆ. ಪ್ರತಿ ಬರಹದ ಕೆಳಗೆ 'ಹೇಳಿದವರು' ಎಂದು ಹೆಸರು ಹಾಕಲೇಬೇಕು. ಹೆಸರಿಲ್ಲದ ಬರಹ ಬೇಡ ಎಂದು ಮೊದಲ ದಿನವೇ ಹೇಳಿದ್ದರು.

ನನ್ನ ಆರು ಮಕ್ಕಳಲ್ಲಿ ಚೈತ್ರ ಚುರುಕು. ಗಣಿತವೊಂದೇ ಉಳಿದಿತ್ತು. ಎರಡನೇ ಪರೀಕ್ಷೆ ಗುರುವಾರ, ಚನ್ನಪಟ್ಟಣದಲ್ಲಿ. ಹಿಂದಿನ ಸೋಮವಾರ ಅವಳು ಪಾಠಕ್ಕೆ ಬಂದವಳೇ ಪುಸ್ತಕ ತೆರೆಯದೆ ಕೂತಳು.

"ಗುರುವಾರ ನಮ್ಮ ಹುಳ ಹಣ್ಣಾಯ್ತವಂತೆ ಅಕ್ಕ. ಅಪ್ಪ ಹೋಗ್ಬ್ಯಾಡ ಅಂದ್ಬುಟ್ರು."

ರೇಷ್ಮೆ ಹುಳ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದು ವಾರ ಕಳೆದರೆ ಹಣ್ಣಾಗುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು, ಅಲ್ಲಿ ಅದು ಗೂಡು ಕಟ್ಟುತ್ತದೆ. ಅರ್ಧ ದಿನ ತಡವಾದರೆ ಸಿಕ್ಕಲ್ಲೇ ನೂಲು ಬಿಟ್ಟು ಬೆಳೆ ಕೆಡುತ್ತದೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಅವತ್ತು ನನಗೆ ಗೊತ್ತಿದ್ದುದು ಕುರಿಯೊಂದೇ.

ನಮ್ಮಕ್ಕನಿಗೂ ಹೀಗೇ ಮುಂದಿನ ಸಲ ಬರೆಯುವಿಯಂತೆ ಎಂದಿದ್ದರು. ಆ ಸಲ ಬರಲೇ ಇಲ್ಲ. ಹಾಗಾಗಿ ಅವತ್ತೇ ಮಧ್ಯಾಹ್ನ ಅವರ ಮನೆಗೆ ಹೋದೆ.

ಮನೆಯವರೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು. "ನಮ್ಮಜ್ಜಿ ಜೊತೆ ಕೂತಿರಿ ಅಕ್ಕ, ಅಪ್ಪನ್ನ ಕರ್ಕೊಂಡ್ ಬತ್ತೀನಿ" ಎಂದು ಚೈತ್ರ ಓಡಿದಳು. ಜಗುಲಿಯ ಮೇಲೆ ಅಜ್ಜಿ ಕೆಂಪಮ್ಮ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲೇ ಹುಳದ ಮನೆ, ಹುಳ ಸಾಕುವ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ ಕೋಣೆ. ಸೋಂಕು ತಗಲುತ್ತದೆಂದು ಹೊರಗಿನವರನ್ನು ಅದರೊಳಗೆ ಬಿಡುವುದಿಲ್ಲ. ಒಳಗಿನಿಂದ ಹುಳ ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಸುಮ್ಮನೆ ಏಕೆ ಕೂರುವುದೆಂದು ನೋಟ್‌ಬುಕ್ ತೆಗೆದೆ. "ಅಜ್ಜಿ, ಹುಳ ಸಾಕೋದು ಹೇಳಿ, ಬರ್ಕೊತೀನಿ" ಎಂದೆ. ಅವರು ಹೇಳಿದರು, ನಾನು ತಲೆ ಬಗ್ಗಿಸಿ ಬರೆದೆ. ಒಡೆದ, ತೆಳುವಾದ ಧ್ವನಿ. ಬರೆದು ಮುಗಿಸಿದಾಗ ನಾಲ್ಕು ಪುಟ ತುಂಬಿತ್ತು.

ಚೈತ್ರಳ ಅಪ್ಪ ಪುಟ್ಟಸ್ವಾಮಿ ಸೊಪ್ಪಿನ ಹೊರೆ ಇಳಿಸಿ, ಹೆಂಡತಿ ಜಯಮ್ಮನ ಜೊತೆ ಕೂತು ಕತ್ತರಿಸತೊಡಗಿದರು. ಪರೀಕ್ಷೆಯ ಮಾತೆತ್ತಿದೆ.

"ಪರೀಕ್ಷೆ ಇನ್ನೊಂದ್ ಸಲ ಬತ್ತದೆ ಕಣಮ್ಮ, ಹುಳ ಕಾಯಕ್ಕಿಲ್ಲ" ಎಂದರು. "ಊರಲ್ಲೆಲ್ಲ ಒಂದೇ ಸಲ ಹಣ್ಣು. ಕೂಲಿಗೆ ಒಬ್ರೂ ಸಿಕ್ಕಕ್ಕಿಲ್ಲ. ನೀನ್ ಬಂದ್ ಆರಿಸ್ತೀಯಾ? ಕುರಿ ಕಂಡೋಳು ನೀನು!" ಜಯಮ್ಮ ಕಿಸಕ್ಕನೆ ನಕ್ಕರು.

ನನಗೆ ರೋಷ ಬಂತು. "ಗುರುವಾರ ಹಣ್ಣಾಗಲ್ವಂತೆ, ನಿಮ್ಮಮ್ಮನೇ ಹೇಳಿದ್ರು" ಎಂದು ನೋಟ್‌ಬುಕ್ ಬಿಚ್ಚಿ ಓದಿದೆ:

"ತಂಪು ಬಿದ್ದದೆ. ಹುಳ ಇನ್ನೊಂದಿನ ಸೊಪ್ಪು ಉಣ್ತವೆ. ಗುರ್ವಾರ ಅಲ್ಲ, ಶುಕ್ರಾರ ಜೇನು ಕುಡಿತವೆ. ಬಾಗ್ಲ ಪಕ್ಕ, ಕೆಳಗಿಂದ ಮೂರ್ನೇ ತಟ್ಟೆ ಮೊದ್ಲು."

ಸೊಪ್ಪು ಕತ್ತರಿಸುವ ಸದ್ದು ನಿಂತಿತು.

"ಯಾರ್ ಹೇಳಿದ್ದು?"

"ಅಜ್ಜಿ."

ಪುಟ್ಟಸ್ವಾಮಿ ಕತ್ತಿ ಹಿಡಿದೇ ಎದ್ದು ನಿಂತರು. "ನಮ್ಮವ್ವ ಮಾತಾಡಿ ಎರಡ್ ವರ್ಷ ಆಯ್ತು. ಲಕ್ವ ಹೊಡೆದ ದಿನದಿಂದ ಒಂದಕ್ಷರ ಇಲ್ಲ. ಮಗೀನ ಕಳ್ಸಕ್ಕೆ ಅಂತ ಅವ್ವನ್ನ ಎಳ್ಕೊಂಡ್ ಬತ್ತೀಯಾ? ಓದ್ಕಂಡಿರದು ಇದ್ನೇನಾ?"

ಅಷ್ಟು ಅವಮಾನ ನನಗೆ ಹಿಂದೆಂದೂ ಆಗಿರಲಿಲ್ಲ. ಅಜ್ಜಿಯ ಕಡೆ ತಿರುಗಿದೆ. ಅವರು ಅಂಗಳದ ಕೋಳಿ ನೋಡುತ್ತಾ ಕೂತಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಿತ್ತು. ಬಂದಾಗ ನಾನು ಅದನ್ನು ಹೇಗೆ ನೋಡಲಿಲ್ಲ?

ಆಗ ಜಯಮ್ಮ ಮೆಲ್ಲಗೆ ಗಂಡನಿಗೆ ಹೇಳಿದರು: "ಜೇನು ಕುಡಿತವೆ ಅಂತ ಅತ್ತೆ ಒಬ್ರೇ ಅನ್ತಿದ್ದುದು. ಚೈತ್ರಂಗೂ ಆ ಮಾತು ಗೊತ್ತಿಲ್ಲ."

ಹಣ್ಣಾದ ಹುಳ ಬೆಳಕಿಗೆ ಹಿಡಿದರೆ ಜೇನಿನ ಬಣ್ಣಕ್ಕೆ ತಿಳಿಯಾಗಿರುತ್ತದಂತೆ. ಪುಟ್ಟಸ್ವಾಮಿ ಕತ್ತಿಯನ್ನು ಸೊಪ್ಪಿನ ಮೇಲಿಟ್ಟು, ಹುಳದ ಮನೆಯೊಳಗೆ ಹೋಗಿ ನೋಡಿ ಬಂದರು. ಕಡೆಗೆ, "ಹೋಗ್ ಬರ್ಲಿ. ಆದ್ರೆ ಗುರ್ವಾರ ಹೊತ್ತುಟ್ಟಕ್ ಮುಂಚೆ ನೀನಿಲ್ಲಿರ್ಬೇಕು. ಹಣ್ಣಾದ್ರೆ ಕಾಲ್ ತೊಳ್ಕಂಡ್ ನೀನೇ ಆರ್ಸದು" ಎಂದರು.

ಗುರುವಾರ ಎಂಟು ಗಂಟೆಯ ಬಸ್ಸಿಗೆ ಚೈತ್ರ ಹೋದಳು. ನಾನು ಜಗುಲಿಯಲ್ಲಿ ಕೂತೆ. ಚಂದ್ರಿಕೆಗಳನ್ನು ತೊಳೆದು ಒಣಗಿಸಿ ಸಾಲಾಗಿ ನಿಲ್ಲಿಸಿದ್ದರು. ಪುಟ್ಟಸ್ವಾಮಿ ಗಂಟೆಗೊಮ್ಮೆ ಒಳಗೆ ಹೋಗುವುದು, ಮುಖ ಗಂಟಿಕ್ಕಿಕೊಂಡು ಬರುವುದು. ಪ್ರತಿ ಸಲ ಬಾಗಿಲ ಸದ್ದಾದಾಗಲೂ ನಾನು ಎದ್ದು ನಿಲ್ಲುತ್ತಿದ್ದೆ. ನಾಲ್ಕು ಪುಟದ ಮೇಲೆ ಒಂದು ಮನೆಯ ಬೆಳೆ ಪಣಕ್ಕಿಟ್ಟಿದ್ದೆ. ನಾನು ಬರೆದದ್ದನ್ನು ನಾನೇ ನಂಬುತ್ತಿರಲಿಲ್ಲ. ಒಳಗಿನ ಆ ಮಳೆಯ ಸದ್ದು ನಿಂತರೆ ಹುಳ ಮೇವು ಬಿಟ್ಟಿತು, ಹಣ್ಣಾಯಿತು ಎಂದರ್ಥ. ಕಿವಿಯೆಲ್ಲ ಅಲ್ಲೇ ಇಟ್ಟುಕೊಂಡು ಕೂತೆ. ಅಜ್ಜಿಯೂ ಪಕ್ಕದಲ್ಲಿ ಕೂತು ಅದನ್ನೇ ಕೇಳುತ್ತಿದ್ದಂತಿತ್ತು.

ಸದ್ದು ನಿಲ್ಲಲಿಲ್ಲ. ಮೂರು ಗಂಟೆಗೆ ಚೈತ್ರ ಬಂದವಳು ಪ್ರಶ್ನೆಪತ್ರಿಕೆ ತೋರಿಸದೆ ಮೊದಲು ಕೇಳಿದ್ದು, "ಆದ್ವಾ?" ಆಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಅವಳ ಫೋನು ಬಂತು. "ಅಕ್ಕ, ಹಣ್ಣಾದ್ವು. ಬಾಗ್ಲ ಪಕ್ಕ, ಕೆಳಗಿಂದ ಮೂರ್ನೇ ತಟ್ಟೆ." ಅವಳ ದನಿಯಲ್ಲಿ ಖುಷಿ ಇರಲಿಲ್ಲ.

ಆ ದಿನವೂ ಹೋಗಿ, ಕಾಲು ತೊಳೆದುಕೊಂಡು ಹುಳ ಆರಿಸಿದೆ. ಸಂಜೆ ಅಜ್ಜಿಯ ಮುಂದೆ ಪುಟಗಳನ್ನು ಹಿಡಿದೆ. ಅವರು ನನ್ನ ಮುಖ ನೋಡಿದರು, ಅಷ್ಟೇ. ನಾನು ಕೇಳಿದ ಧ್ವನಿ ಹೇಗಿತ್ತೆಂದು ಜಯಮ್ಮನಿಗೆ ಹೇಳಿದಾಗ ಅವರು "ಅತ್ತೆ ದನಿನೇ ಅದು" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ನನ್ನನ್ನೇ ನಾನು ಅನುಮಾನಿಸಿದ್ದೇನೆ. ಆ ಹುಡುಗಿ ಪರೀಕ್ಷೆ ಬರೆಯಲಿ ಎಂಬ ಆಸೆ ನನಗೆ ಅತಿಯಾಗಿತ್ತು, ಅದು ನಿಜ. ತಂಪಿಗೆ ಹುಳ ತಡವಾಗುತ್ತದೆಂದು ಎಲ್ಲೋ ಕೇಳಿರಬಹುದು. ಆದರೆ ಜೇನಿನ ಮಾತು? ಕಾಲಿಡದ ಮನೆಯ ಮೂರನೇ ತಟ್ಟೆ? ಆ ಮಧ್ಯಾಹ್ನವನ್ನು ಎಷ್ಟು ಸಲ ನೆನೆದರೂ ಧ್ವನಿ ಸ್ಪಷ್ಟವಾಗಿ ಕೇಳುತ್ತದೆ. ಅಜ್ಜಿಯ ತುಟಿ ಅಲ್ಲಾಡಿದ್ದು ಮಾತ್ರ ನೆನಪಿಗೆ ಬರುವುದಿಲ್ಲ.

ಚೈತ್ರ ಪಾಸಾದಳು, ಈಗ ಪಿಯುಸಿ ಓದುತ್ತಿದ್ದಾಳೆ. ಪುಸ್ತಕವೂ ಬಂತು, ಆ ನಾಲ್ಕು ಪುಟ ಬಿಟ್ಟು. ಅವನ್ನು ಶುದ್ಧಪ್ರತಿ ಮಾಡಿ, ಕೆಳಗೆ 'ಹೇಳಿದವರು' ಎಂದು ಬರೆದು ಪೆನ್ನು ಹಿಡಿದು ಕೂತಿದ್ದೆ. ಕೆಂಪಮ್ಮ ಎಂದು ಬರೆದರೆ ಆ ಊರು ನನ್ನನ್ನು ಸುಳ್ಳಿ ಎನ್ನುತ್ತದೆ. ನನ್ನ ಹೆಸರು ಬರೆದರೆ ನನ್ನನ್ನು ನಾನೇ ಸುಳ್ಳಿ ಎನ್ನಬೇಕಾಗುತ್ತದೆ. ಆ ಜಾಗ ಇನ್ನೂ ಖಾಲಿ ಇದೆ.