ನಂಬರು ಹಾಕದ ಮರಗಳು

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಿಗಿಂತ ಉದ್ದವಿತ್ತು, ಅದರ ಸಂದಿಯಲ್ಲಿ ಯಾವಾಗಲೂ ಹಸಿರು ಕಟ್ಟಿರುತ್ತಿತ್ತು. ಒಣಗಿದಂತೆ ಕಂಡ ರೆಂಬೆಯನ್ನು ಆ ಉಗುರಿನಿಂದ ಒಂದಿಷ್ಟೇ ಕೆರೆಯುವರು. ಒಳಗೆ ಹಸಿ ಕಂಡರೆ "ಜೀವ ಐತಿ, ಬರಕೋ" ಅನ್ನುವರು. ಅದೇ ಕೈಯಲ್ಲಿ ಅವರು ಊಟದ ಡಬ್ಬಿ ಬಿಚ್ಚುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ.

ಅವರು ಹೈದರಾಬಾದಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು, ನಾನು ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆ. ಅವರು ಕಲಬುರಗಿಯವರು, ನಾನು ರಾಯಚೂರಿನವಳು. ಕಾಲೇಜಿನಲ್ಲಿ ತೆಲುಗು, ಅಂಗಡಿಯವರೊಡನೆ ಹಿಂದಿ, ನಾವಿಬ್ಬರೇ ಇದ್ದಾಗ ಕನ್ನಡ. ನಮ್ಮ ಕೆಲಸ ಏನೆಂದು ಹೇಳಿದರೆ ಜನ ನಗುತ್ತಿದ್ದರು: ಹಿಮಾಯತ್‌ನಗರದ ಒಂದು ಬೀದಿಯ ಮರಗಳು ಯಾವ ವಾರ ಎಲೆ ಉದುರಿಸುತ್ತವೆ, ಯಾವ ವಾರ ಚಿಗುರುತ್ತವೆ ಎಂದು ಬರೆದಿಡುವುದು. ಊರಿನ ಕಾವು ಏರಿದ ಹಾಗೆ ಮರಗಳ ಕಾಲ ಹೇಗೆ ತಪ್ಪುತ್ತದೆ ಎಂಬುದು ಅವರ ಪ್ರಶ್ನೆ. ಇಪ್ಪತ್ತು ವರ್ಷ ಅವೇ ಮರಗಳನ್ನು ನೋಡದೆ ಅದಕ್ಕೆ ಉತ್ತರ ಸಿಗುವುದಿಲ್ಲ ಎನ್ನುತ್ತಿದ್ದರು. ಆಗಲೇ ಎಂಟು ವರ್ಷ ನೋಡಿ ಆಗಿತ್ತು.

ಒಮ್ಮೆ ಬಿಸಿಲಿಗೆ ಸೋತು ಕೊನೆಯ ಎರಡು ಮರಗಳ ಬಗ್ಗೆ ಅಂದಾಜಿನ ಮೇಲೆ ಬರೆದುಬಿಟ್ಟೆ. ಮನೆಗೆ ಹೊರಟು ಸ್ಟೇಷನ್ನಿನಲ್ಲಿ ನಿಂತಿದ್ದಾಗ, ಲಿಂಗಂಪಲ್ಲಿಯ ಲೋಕಲ್ ರೈಲು ಬರುವ ಹೊತ್ತಿಗೆ ತಡೆಯಲಾರದೆ ಬಾಯಿಬಿಟ್ಟೆ. ಮೇಡಂ ಬೈಯಲಿಲ್ಲ. ರೈಲು ಬಿಟ್ಟು ಹೊರಗೆ ಹೋಗಿ ಆಟೋ ಹಿಡಿದರು, ಮತ್ತೆ ಆ ಎರಡು ಮರಗಳ ಕೆಳಗೆ ಕತ್ತೆತ್ತಿ ನಿಂತೆವು. ಕಂಡದ್ದನ್ನಷ್ಟೇ ಹೇಳುವ ಈ ಹಟ ನನಗೆ ಆಗ ಅತಿಯಾಯಿತು ಅನ್ನಿಸಿತ್ತು.

ಮರಗಳಿಗೆ ನಂಬರಿನ ತಗಡಿನ ಬಿಲ್ಲೆ ಹೊಡೆದಿದ್ದೆವು. ಗುಜರಿ ಆಯುವವರು ಅವನ್ನು ಕಿತ್ತು ಒಯ್ಯುತ್ತಿದ್ದರು. ಬಣ್ಣದಲ್ಲಿ ಬರೆಯೋಣ ಎಂದವಳು ನಾನು. ಮೇಡಂ ಒಂದು ವಾರ ಹಿಂದೆಮುಂದೆ ನೋಡಿ ಆಮೇಲೆ ಹೂಂ ಅಂದರು. ಒಂದು ಭಾನುವಾರ ಬಿಳಿ ಬಣ್ಣದ ಡಬ್ಬಿ ಹಿಡಿದು ನಾನೊಬ್ಬಳೇ ಹೋಗಿ ಮೂವತ್ತೊಂದು ಮರಗಳಿಗೆ ನಂಬರು ಬರೆದು ಬಂದೆ.

ಯುಗಾದಿಯ ಹೊತ್ತಿಗೆ ಪಕ್ಕದ ಬೀದಿಯನ್ನು ಅಗಲ ಮಾಡುವ ಕೆಲಸ ಬಂತು. ಅಲ್ಲಿ ಕಡಿಯಬೇಕಾದ ಮರಗಳಿಗೆ ಪಾಲಿಕೆಯವರು ನಂಬರು ಹಾಕಿದ್ದರಂತೆ. ಕಡಿಯುವವರು ಆ ಬೀದಿ ಮುಗಿಸಿ ನಮ್ಮ ಬೀದಿಗೂ ಬಂದರು. ಸುದ್ದಿ ತಿಳಿದು ನಾವು ತಲುಪುವಷ್ಟರಲ್ಲಿ ಇಪ್ಪತ್ತಾರು ಮರಗಳು ಬಿದ್ದಿದ್ದವು. ಕಡಿಸುತ್ತಿದ್ದ ಮೇಸ್ತ್ರಿ ಕೆಟ್ಟ ಮನುಷ್ಯನಲ್ಲ. ನಂಬರಿರುವ ಮರ ಕಡಿಯಿರಿ ಎಂದಿದ್ದಾರೆ ಎಂದು ತೆಲುಗಿನಲ್ಲಿ ವಿನಯವಾಗಿಯೇ ಹೇಳಿದ. ಆ ಬೀದಿಯ ನಂಬರುಗಳು ಸರಿಯಾಗಿ ಕಾಣುತ್ತಲೇ ಇರಲಿಲ್ಲ, ಇಲ್ಲಿ ಯಾರೋ ಎಷ್ಟು ಚೆಂದ ಬರೆದಿದ್ದಾರೆ ಎಂದೂ ಸೇರಿಸಿದ. ಮೇಡಂ ಬಿದ್ದ ಒಂದೊಂದೇ ಮರದ ಪಕ್ಕ ಬಗ್ಗಿ, ಅದರ ಚಿಗುರು ನೋಡಿ, ಆ ವಾರದ ದಾಖಲೆ ಬರೆದುಕೊಂಡರು.

ಕಾಲೇಜಿನಲ್ಲಿ ವಿಚಾರಣೆ ನಡೆಯಿತು. ಯಾರನ್ನೂ ಕೇಳದೆ ಬೀದಿಯ ಮರಗಳಿಗೆ ಬಣ್ಣ ಬಳಿದವರು ಯಾರು ಎಂದರು. ನಾನು ತುಟಿ ಬಿಚ್ಚುವ ಮೊದಲೇ ಮೇಡಂ, ಯೋಚನೆಯೂ ತನ್ನದು, ಬರೆದದ್ದೂ ತಾನೇ, ಈ ಹುಡುಗಿ ಅವತ್ತು ರಾಯಚೂರಿನಲ್ಲಿದ್ದಳು ಎಂದರು. ಅವರ ಬಾಯಿಂದ ನಾನು ಕೇಳಿದ ಒಂದೇ ಸುಳ್ಳು ಅದು. ಅವರ ಸಂಶೋಧನೆಗೆ ಬರುತ್ತಿದ್ದ ನೆರವು ನಿಂತಿತು, ಹೊಸ ವಿದ್ಯಾರ್ಥಿಗಳನ್ನು ಕೊಡುವುದೂ ನಿಂತಿತು. ಹೊರಗೆ ಬಂದು ನಾನು ಅಳುತ್ತಿದ್ದರೆ, "ನಾ ಹ್ಞೂಂ ಅಂದೀನಿ, ಅಂದಮ್ಯಾಲ ಅದು ನಂದಽ. ನೀ ನಿನ್ನ ಪಿಎಚ್‌ಡಿ ಮುಗಸು ತಂಗಿ" ಅಂದರು.

ಆಮೇಲೆ ಅವರು ಯಾವ ಮರಕ್ಕೂ ಗುರುತು ಹಾಕಲಿಲ್ಲ. ಉಳಿದ ಐದರ ಜೊತೆಗೆ ಅಕ್ಕಪಕ್ಕದ ಬೀದಿಗಳ ಮರಗಳನ್ನು ಸೇರಿಸಿಕೊಂಡು, ಒಬ್ಬರೇ ಹೋಗಿ ತಮಗಷ್ಟೇ ತಿಳಿಯುವ ಹಾಗೆ ಬರೆಯತೊಡಗಿದರು. ಇಸ್ತ್ರಿಯವನ ಬೇವು. ಹಳದಿ ಗೇಟಿನ ಹೊಂಗೆ. ನಮ್ಮ ಅತ್ತಿಗೆಯಂಥ ಬಾದಾಮಿ. ಫೋನಿನಲ್ಲಿ ಜಾಗವನ್ನಾದರೂ ಗುರುತು ಮಾಡಿಕೊಳ್ಳೋಣ ಎಂದೆ. "ಗುರ್ತ ಹಾಕಿದ್ದು ಯಾರ ಕೈಗೆ ಹೋಗ್ತೈತಿ ಅಂತ ಹೆಂಗ ಹೇಳ್ತಿ? ನಂಗ ಗೊತ್ತೈತಿ, ಸಾಕು" ಅಂದರು. ಅದು ವಿಜ್ಞಾನವಲ್ಲ, ಹೆದರಿಕೆ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ವಾದ ಮಾಡಲು ನನಗೆ ಯಾವ ಮುಖವಿತ್ತು? ಸಂಶೋಧನಾ ಪತ್ರಿಕೆಗಳು ಯಾವ ಮರ ಎಂದು ತೋರಿಸಿ ಎನ್ನುತ್ತ ಅವರ ಲೇಖನಗಳನ್ನು ಹಿಂದಿರುಗಿಸಿದವು. ಅವರು ಉತ್ತರ ಬರೆಯಲಿಲ್ಲ. ನಿವೃತ್ತರಾದ ಮೇಲೂ ವಾರಕ್ಕೊಮ್ಮೆ ರೈಲು ಹತ್ತಿ ಮರ ನೋಡಲು ಹೋಗುತ್ತಿದ್ದರು.

ಹೋದ ವರ್ಷ ಮೇಡಂ ತೀರಿಕೊಂಡರು. ನಂಬರಿಲ್ಲದ ಹನ್ನೊಂದು ವರ್ಷಗಳ ನೋಟ್‌ಬುಕ್ಕುಗಳನ್ನು ಅವರ ಅಕ್ಕ ನನ್ನ ಕೈಗೆ ಕೊಟ್ಟು, "ಇದರಾಗ ಏನೈತಿ ಅಂತ ನಿಂಗಷ್ಟಽ ತಿಳೀತೈತಿ, ತಗೋ ಯವ್ವಾ" ಅಂದರು.

ಈ ಯುಗಾದಿಗೆ ಅವನ್ನು ಹಿಡಿದು ಹಿಮಾಯತ್‌ನಗರಕ್ಕೆ ಹೋದೆ. ನನಗೆ ಗುರುತಿದ್ದ ಆ ಐದು ಮರಗಳೂ ಈಗ ಇರಲಿಲ್ಲ. ಇಸ್ತ್ರಿಯವನು ಎಲ್ಲಿಗೆ ಹೋದನೋ ಯಾರಿಗೂ ತಿಳಿಯದು. ಹಳದಿ ಗೇಟೆಂಬುದು ಆ ಬೀದಿಗಳಲ್ಲಿ ಎಲ್ಲೂ ಇಲ್ಲ. ಅವರ ಅತ್ತಿಗೆ ಹೇಗಿದ್ದರೋ ನಾನು ನೋಡಿದವಳಲ್ಲ. ಬೇವಿನ ಮರಗಳು ಅಲ್ಲಲ್ಲಿ ಕೆಂಪು ಚಿಗುರು ಬಿಟ್ಟು ನಿಂತಿದ್ದವು. ಒಂದೊಂದರ ಕೆಳಗೂ ನಿಂತು ಹಾಳೆ ತಿರುವಿದೆ. ಇದೇ ಇರಬೇಕು ಅನ್ನಿಸಿತು, ನಾಲ್ಕು ಹೆಜ್ಜೆ ಮುಂದೆ ಹೋದರೆ ಅದೂ ಇರಬಹುದು ಅನ್ನಿಸಿತು. ನಾನು ಇವತ್ತು ಪಾಠ ಮಾಡುತ್ತಿರುವುದು, ಹೊಟ್ಟೆಗೆ ಉಣ್ಣುತ್ತಿರುವುದು ಅವರು ಅಂದು ಹೇಳಿದ ಸುಳ್ಳಿನಿಂದ. ಅವರು ಬರೆದಿಟ್ಟ ಅಷ್ಟು ನಿಜದಲ್ಲಿ ಒಂದೇ ಒಂದು ಮರವನ್ನಾದರೂ ಮುಟ್ಟಿ ಇದೇ ಎಂದು ನಾನು ಹೇಳಬೇಕಾಗಿತ್ತು. ಸಂಜೆಯವರೆಗೆ ತಿರುಗಿದೆ, ಹೇಳಲಾಗಲಿಲ್ಲ.